ಒಂದು ಹೆಜ್ಜೇನು, ಇಬ್ಬರು ವಾರಗಿತ್ತಿಯರು

ಮಗಳ ಕಬಡ್ಡಿ ಜೆರ್ಸಿ ಒಗೆಯುವ ಕೆಲಸ ನಮ್ಮ ಮನೆಯಲ್ಲಿ ನನ್ನದು. ಬಕೆಟ್ಟಿಗೆ ಹಾಕುವ ಮುಂಚೆ ಮೂಗಿಗೆ ಬಡಿಯುವುದು ಬೆವರಿನ ವಾಸನೆಯಲ್ಲ, ನೋವಿಗೆ ಹೊಡೆದುಕೊಳ್ಳುತ್ತಾರಲ್ಲ, ಆ ಸ್ಪ್ರೇಯ ಘಾಟು. ಅದು ಮೂಗಿಗೆ ಬಿದ್ದ ಕೂಡಲೇ ನನ್ನ ಹೊಟ್ಟೆಯೊಳಗೂ ಒಂದು ಘಾಟು ಏಳುತ್ತದೆ. ಯಾಕೆ ಅಂತೀರಾ? ಜೆರ್ಸಿ ಒಗೆಯುವವಳು ನಾನು, ಮ್ಯಾಚಿನ ಕಥೆ ಕೇಳುವವಳು ಅವಳ ದೊಡ್ಡಮ್ಮ. ಬಸ್ಸಿಳಿದು ಬಂದ ಹುಡುಗಿ ಬ್ಯಾಗನ್ನು ನನ್ನ ಕಾಲ ಬಳಿ ಎಸೆದು, ಚಪ್ಪಲಿಯನ್ನೂ ಬಿಡದೆ, "ದೊಡ್ಡಮ್ಮಾ, ಇವತ್ತೇನಾಯ್ತು ಗೊತ್ತಾ" ಎಂದು ಒಳಕ್ಕೆ ಓಡುತ್ತಾಳೆ. ಹೆತ್ತವಳು ನಾನು ಇಲ್ಲಿ ಸೋಪು ಹಿಡಿದುಕೊಂಡು ನಿಂತಿರುತ್ತೇನೆ.

ಹೊಟ್ಟೆಕಿಚ್ಚು. ಮುಚ್ಚುಮರೆ ಏನು ಬಂತು? ನನಗೆ ನನ್ನ ವಾರಗಿತ್ತಿ ಪದ್ಮಕ್ಕನನ್ನು ಕಂಡರೆ ಹೊಟ್ಟೆಕಿಚ್ಚು. ಅವಳು ಹಿರಿಸೊಸೆ, ನಾನು ಕಿರಿಸೊಸೆ. ಅವಳ ಸಾರು ಕುದಿಯುವ ಮೊದಲೇ ಘಮ್ ಎನ್ನುತ್ತದೆ, ಅವಳ ಹಸು ಅವಳು ಕರೆದರೆ ಮಾತ್ರ ತಲೆ ಎತ್ತುತ್ತದೆ, ನಮ್ಮತ್ತೆ ಮಾತ್ರೆ ನುಂಗುವುದೂ ಅವಳು ಕೊಟ್ಟರೆ ಮಾತ್ರ. ಇವನ್ನೆಲ್ಲ ಹೇಗೋ ನುಂಗಿಕೊಂಡಿದ್ದೆ. ಅವಳಿಗೆ ದೇವರು ಕೊಟ್ಟ ಕುಂದು ಒಂದೇ ಒಂದು, ಎಡಗಿವಿಯ ಹಾಲೆ ಸೊಟ್ಟ. ಎಂಥ ಓಲೆ ಹಾಕಿದರೂ ಬಾಗಿಲ ಕಡೆ ನೋಡುತ್ತದೆ. ಮದುವೆ ಮುಂಜಿಗೆ ಹೊರಡುವಾಗ ಅದನ್ನು ನೋಡಿ ನಾನು ಎಷ್ಟೋ ಸಲ ಒಳಗೊಳಗೇ ತಣ್ಣಗಾಗಿದ್ದೇನೆ. ಹಿಂದೆ ಯಾವಾಗಲೋ ಕೀವಾಗಿತ್ತಂತೆ, ಅಷ್ಟೇ ಅವಳು ಹೇಳಿದ್ದು.

ನಮ್ಮ ಮನೆ ಇರುವುದು ತಮಿಳುನಾಡಿನ ಗಡಿಯೊಳಗೆ, ಸೂಳಗಿರಿಯ ಹತ್ತಿರ. ಹೆದ್ದಾರಿಯ ಈಚೆ ಬದಿಯಲ್ಲಿ ಕೈ ಅಡ್ಡ ಹಾಕಿದರೆ ಹೊಸೂರಿನ ಬಸ್ಸು, ಆಚೆ ಬದಿಯಲ್ಲಿ ಹಾಕಿದರೆ ಕೃಷ್ಣಗಿರಿಯ ಬಸ್ಸು. ನಾನು ತಳಿ ಕಡೆಯವಳು, ಓದಿದ್ದು ಹೊಸೂರಿನ ಕಾಲೇಜಿನಲ್ಲಿ. ಪದ್ಮಕ್ಕ ಕೃಷ್ಣಗಿರಿಯವಳು, ಓದಿದ್ದೂ ಅಲ್ಲೇ. ಇದು ನಿಮಗೆ ಸಣ್ಣ ವಿಷಯ ಅನ್ನಿಸಬಹುದು. ಆ ಕಾಲದಲ್ಲಿ ಈ ಎರಡು ಕಾಲೇಜುಗಳ ಹೆಣ್ಣುಮಕ್ಕಳ ಕಬಡ್ಡಿ ಮ್ಯಾಚು ನೋಡಿದ್ದವರು ಹಾಗನ್ನುವುದಿಲ್ಲ.

ನಾನು ಆಡಿದವಳಲ್ಲ, ಕಿರುಚಿದವಳು. ಟೀಮಿಗೆ ಆಡುವವರು ಎಷ್ಟು ಮುಖ್ಯವೋ ಕಿರುಚುವವರೂ ಅಷ್ಟೇ ಮುಖ್ಯ ಎಂಬುದು ನನ್ನ ಸಿದ್ಧಾಂತ. ಆಡಲು ಬಾರದವರೆಲ್ಲರ ಸಿದ್ಧಾಂತವೂ ಅದೇ ಇರಬೇಕು. ಟೀಮು ಹೋದ ಕಡೆಗೆಲ್ಲ ನಾವೊಂದು ಬಸ್ಸು ತುಂಬ ಹುಡುಗಿಯರು ಹೋಗುತ್ತಿದ್ದೆವು. ದಾರಿಯುದ್ದಕ್ಕೂ ಚರ್ಚೆ. ಯಾವ ಟೂರ್ನಮೆಂಟು ದೊಡ್ಡದು, ಯಾರ ಗ್ರೌಂಡಿನಲ್ಲಿ ಮಣ್ಣು ಗಟ್ಟಿ, ಯಾವ ಊರಿನ ರೆಫ್ರಿ ತಮ್ಮವರಿಗೆ ಕಣ್ಣು ಮಿಟುಕಿಸುತ್ತಾನೆ. ಕನ್ನಡದಲ್ಲಿ ಶುರುವಾದ ಜಗಳ ತೆಲುಗಿಗೆ ದಾಟಿ, ಬೈಗುಳದ ಹೊತ್ತಿಗೆ ತಮಿಳಿಗೆ ಬಂದು ನಿಲ್ಲುತ್ತಿತ್ತು. ಮನೆಗೆ ಬರುವಷ್ಟರಲ್ಲಿ ಗಂಟಲು ಹೋಗಿರುತ್ತಿತ್ತು. ನಮ್ಮಪ್ಪ, "ಗಂಟ್ಲು ಪಾಠ ಓದಿ ಹೋದ್ರೆ ಸರಿ, ಕಬಡ್ಡಿ ನೋಡಿ ಹೋದ್ರೆ ಎಂಗೆ?" ಎಂದು ಮೆಣಸಿನ ಕಷಾಯ ಕಾಸಿಕೊಡುತ್ತಿದ್ದರು.

ಇನ್ನು ಆ ಫೈನಲ್ಲಿನ ಕಥೆ. ಕೃಷ್ಣಗಿರಿಯ ಗ್ರೌಂಡು, ಬದಿಯಲ್ಲಿ ಎತ್ತರದ ನೀರಿನ ಟ್ಯಾಂಕು, ಟ್ಯಾಂಕಿನ ಹೊಟ್ಟೆಗೆ ಅಂಟಿಕೊಂಡು ಮೊರದಗಲದ ಹೆಜ್ಜೇನು ಗೂಡು. ಕೊನೆಯ ರೈಡು. ನಮ್ಮ ಹುಡುಗಿ ಅವರ ಅಂಗಳಕ್ಕೆ ನುಗ್ಗಿ ಒಬ್ಬಳನ್ನು ಮುಟ್ಟಿ ತಿರುಗಿದಳು. ಅವರ ಕಡೆಯವಳೊಬ್ಬಳು ಹಾರಿ ಕಾಲ್ಗಿಣ್ಣು ಹಿಡಿದಳು. ಇಬ್ಬರೂ ಬಿದ್ದರು. ನಮ್ಮವಳು ಕಬಡ್ಡಿ ಕಬಡ್ಡಿ ಎನ್ನುತ್ತ ನಡುಗೆರೆಯ ಕಡೆ ಕೈ ಚಾಚುತ್ತಿದ್ದಾಳೆ, ಅವಳು ಬಿಡುತ್ತಿಲ್ಲ. "ವಿಡಾದೇ! ಪುಡಿ!" ಎಂದು ಬಿಡಬೇಡ, ಹಿಡಿ ಅನ್ನುವ ಅವರ ಕೂಗು, "ಗೆರೆ ಮುಟ್ಟೇ!" ಎಂದು ನಮ್ಮ ಕೂಗು. ಅಷ್ಟರಲ್ಲಿ ಯಾರೋ ಪುಣ್ಯಾತ್ಮ ತನ್ನ ಟೀಮೇ ಗೆದ್ದಿತೆಂದು ಪಟಾಕಿ ಸರಕ್ಕೆ ಬೆಂಕಿ ಇಟ್ಟುಬಿಟ್ಟ. ಹೊಗೆ ಸೀದಾ ಟ್ಯಾಂಕಿಗೆ. ಹೆಜ್ಜೇನು ಎದ್ದಿತು. ಜನ ದಿಕ್ಕಾಪಾಲು, ರೆಫ್ರಿ ಎಲ್ಲರಿಗಿಂತ ಮುಂದೆ. ಆದರೆ ಅಂಗಳದ ನಡುವೆ ಆ ಇಬ್ಬರು ಮಾತ್ರ ಬಿದ್ದಲ್ಲೇ ಇದ್ದರು. ಓಡುವವರನ್ನು ಅಟ್ಟುವ ಹುಳ ಬಿದ್ದವರನ್ನು ಬಿಟ್ಟಿತು.

ನಮ್ಮವಳು ಗೆರೆ ಮುಟ್ಟಿದಳೋ, ಮುಟ್ಟುವ ಮೊದಲೇ ಉಸಿರು ಮುರಿಯಿತೋ? ರೆಫ್ರಿ ಬಸ್‌ಸ್ಟ್ಯಾಂಡು ಸೇರಿದ್ದ. ಕಪ್ಪನ್ನು ಎರಡು ಕಾಲೇಜಿಗೂ ಹಂಚಿದರು. ಆದರೆ ಆ ಮ್ಯಾಚಿನಲ್ಲಿ ಹುಟ್ಟಿದ ಹೆಜ್ಜೇನು ಎಂಬ ಹೆಸರನ್ನು ಹಂಚುವುದು ಹೇಗೆ? ಹುಳ ಎದ್ದರೂ ಜಗ್ಗದ ಟೀಮು ನಮ್ಮದು, ಆದ್ದರಿಂದ ನಾವೇ ಹೆಜ್ಜೇನು ಎಂದು ಹೊಸೂರು. ಹಿಡಿದ ಕಾಲು ಬಿಡದವರು ನಾವು, ಆದ್ದರಿಂದ ನಾವು ಎಂದು ಕೃಷ್ಣಗಿರಿ. ಅವತ್ತಿನಿಂದ ಎರಡೂ ಟೀಮುಗಳ ಜೆರ್ಸಿಯ ಬೆನ್ನ ಮೇಲೆ ತಮಿಳಿನಲ್ಲಿ ಮಲೈತೇನೀ, ನಮ್ಮ ಬಾಯಲ್ಲಿ ಹೆಜ್ಜೇನು.

ಮದುವೆಯಾಗಿ ಈ ಮನೆಗೆ ಬಂದ ವಾರದಲ್ಲೇ, ಅವರೆಕಾಯಿ ಸುಲಿಯುತ್ತ, ಪದ್ಮಕ್ಕ ಯಾವ ಕಾಲೇಜು ಎಂದು ಕೇಳಿದಳು. ಹೇಳಿದೆ.

"ಓ, ಹೆಜ್ಜೇನು ಮ್ಯಾಚಲ್ಲಿ ಸೋತೋರ ಕಾಲೇಜು."

ಹೊಸ ಮದುವಣಗಿತ್ತಿ, ತಗ್ಗಿಸಿದ ತಲೆ ಎತ್ತಬಾರದು ಎಂದು ಅಮ್ಮ ಹೇಳಿ ಕಳಿಸಿದ್ದಳು. ಎತ್ತಿದೆ. "ಸೋತೋರು ಯಾರಕ್ಕ? ನಮ್ಮೋಳು ಗೆರೆ ಮುಟ್ಟಿದ್ದ ನಾನು ಕಣ್ಣಾರೆ ನೋಡಿವ್ನಿ."

"ಅಂಗಾ? ಅವ್ಳ ಉಸ್ರು ಮುರ್ದಿದ್ದ ನಾನೂ ನಿಂತು ನೋಡಿವ್ನಿ ಕಣಮ್ಮಿ."

ಅವತ್ತು ಶುರುವಾದದ್ದು ನಿಂತಿಲ್ಲ. ಟೀವಿಯಲ್ಲಿ ಯಾವ ಕಬಡ್ಡಿ ಬಂದರೂ ಅವಳೊಂದು ಟೀಮು, ನಾನೊಂದು ಟೀಮು. ಕೊನೆಗೆ ಎಲ್ಲ ಜಗಳವೂ ಆ ಟ್ಯಾಂಕಿನ ಕೆಳಗೇ ಬಂದು ಮುಗಿಯುತ್ತದೆ. ಗಂಡಂದಿರು ಹೊಲದಲ್ಲಿ ಏನೋ ಕೆಲಸ ನೆನಪಾಯಿತೆಂದು ಎದ್ದು ಹೋಗುತ್ತಾರೆ. ಅತ್ತೆ ಮಾತ್ರ ಒಮ್ಮೆ ಎಲೆಅಡಿಕೆ ಉಗಿದು ಬಂದು ತೀರ್ಪು ಕೊಟ್ಟರು: "ಹೆಜ್ಜೇನಾದ್ರೆ ತುಪ್ಪನಾದ್ರೂ ಕೊಡ್ತದೆ. ನೀವಿಬ್ರೂ ಕಡಜ ಕಣ್ರೇ."

ಈಗ ನಿಮಗೊಂದು ಮಾತು ಹೇಳುತ್ತೇನೆ, ಪದ್ಮಕ್ಕನ ಕಿವಿಗೆ ಬೀಳದಂತೆ ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದು. ನಾನು ನೋಡಿಲ್ಲ. ಕಣ್ಣಾರೆಯೂ ಇಲ್ಲ, ಓರೆಗಣ್ಣಿನಲ್ಲೂ ಇಲ್ಲ. ಹುಳ ಏಳುತ್ತಲೇ ನಾನು ಓಡಿದೆ, ಎಡವಿ ಬಿದ್ದೆ. ಯಾರೋ ಹುಡುಗಿ ನನ್ನ ರಟ್ಟೆ ಹಿಡಿದು ಸ್ಕೋರು ಬರೆಯುವವರ ಮೇಜಿನ ಕೆಳಕ್ಕೆ ಎಳೆದಳು. ತನ್ನ ವೇಲು ಬಿಚ್ಚಿ ನನ್ನ ತಲೆಯ ಮೇಲೆ ಹಾಕಿ, ಅದರ ಅಂಚು ಹಾರದಂತೆ ನನ್ನನ್ನು ತಬ್ಬಿ ಕೂತಳು. "ಅಲ್ಲಾಡ್ಬೇಡ, ಅಲ್ಲಾಡ್ಬೇಡ" ಎಂದು ಹಲ್ಲು ಕಚ್ಚಿ ಹೇಳುತ್ತಿದ್ದಳು. ವೇಲಿನ ತುದಿಯಲ್ಲಿ ಹುರಿದ ಕಡಲೆಕಾಯಿಯ ಗಂಟಿತ್ತು, ಅದು ನನ್ನ ಕೆನ್ನೆಗೆ ಒತ್ತುತ್ತಿತ್ತು. ಸದ್ದಡಗಿದ ಮೇಲೆ ಮುಸುಕು ತೆಗೆದರೆ, ಅವಳನ್ನು ಆಗಲೇ ಯಾರೋ ಆಸ್ಪತ್ರೆಗೆಂದು ಎತ್ತಿಕೊಂಡು ಹೋಗುತ್ತಿದ್ದರು. ಕಂಡದ್ದು ಬೆನ್ನು ಮಾತ್ರ. ಯಾರ ಮಗಳೋ, ಎಲ್ಲಿಗೆ ಕೊಟ್ಟರೋ ಅಂದುಕೊಳ್ಳುತ್ತಿದ್ದೆ. ದೀಪ ಹಚ್ಚುವಾಗ ಮನೆಯವರ ಹೆಸರೆಲ್ಲ ಹೇಳಿಕೊಂಡ ಮೇಲೆ, ಹೆಸರು ಗೊತ್ತಿಲ್ಲದ ಆ ಹುಡುಗಿಯನ್ನೂ ಒಂದು ಗಳಿಗೆ ನೆನೆಯುತ್ತಿದ್ದೆ. ಆದರೆ ಈ ಮನೆಯಲ್ಲಿ ಅವಳ ಸುದ್ದಿ ಎತ್ತುವಂತಿರಲಿಲ್ಲ. ಎತ್ತಿದರೆ ನಾನು ಮೇಜಿನ ಕೆಳಗಿದ್ದದ್ದು ಹೊರಬೀಳುತ್ತಿತ್ತು, ಪದ್ಮಕ್ಕ ಊರೆಲ್ಲ ಡಂಗುರ ಸಾರುತ್ತಿದ್ದಳು.

ಇಷ್ಟರ ಮೇಲೆ ನನ್ನ ಮಗಳು ಚೈತ್ರಾ ಕಾಲೇಜು ಸೇರುವ ಹೊತ್ತು ಬಂತು. ಹೆದ್ದಾರಿಯ ಯಾವ ಬದಿಯಲ್ಲಿ ನಿಲ್ಲುತ್ತಾಳೋ ಎಂದು ನಾನು ಕಾದೆ. ಆಚೆ ಬದಿಗೆ, ಕೃಷ್ಣಗಿರಿಯ ಬಸ್ಸಿಗೆ ಹೋದಳು. ಅಲ್ಲಿ ಕೋಚ್ ಚೆನ್ನಾಗಿದ್ದಾರೆ ಎಂದಳು. ಕೋಚಂತೆ! ದೊಡ್ಡಮ್ಮನ ಮಾತಿಗೆ ಮರುಳಾಗಿ ಹೋದಳು ಎಂದು ನಾನು ಎರಡು ದಿನ ಉಪ್ಪಿಲ್ಲದ ಸಾರು ಮಾಡಿದೆ. ಎಲ್ಲರೂ ಉಪ್ಪು ಹಾಕಿಕೊಂಡು ಉಂಡರು. ಪದ್ಮಕ್ಕನಿಗೊಬ್ಬ ಮಗನಿದ್ದಾನೆ, ಫ್ಯಾಕ್ಟರಿ ಕೆಲಸ, ಅವನಿಗೆ ಆಟ ಅಂದರೆ ಮೊಬೈಲಿನದು. ಹಾಗೆಂದು ನನ್ನ ಮಗಳನ್ನೇ ಎತ್ತಿಕೊಂಡುಬಿಡುವುದೇ?

ಬರುವ ಭಾನುವಾರ ಫೈನಲ್ಲು. ಮತ್ತೆ ಹೊಸೂರು, ಕೃಷ್ಣಗಿರಿ. ಗೆದ್ದವರಿಗೆ ಹೆಜ್ಜೇನು ಹೆಸರು, ಸೋತವರು ಬೇರೆ ಹುಡುಕಿಕೊಳ್ಳಬೇಕು ಎಂದು ಎರಡೂ ಕಡೆಯ ಹುಡುಗಿಯರು ತಾವೇ ಮಾತಾಡಿಕೊಂಡಿದ್ದಾರೆ. ನನ್ನ ಕಾಲೇಜಿನ ಹೆಸರು ಕಿತ್ತುಕೊಳ್ಳಲು ನನ್ನ ಮಗಳೇ ಅಂಗಳಕ್ಕಿಳಿಯುತ್ತಾಳೆ. ನಾನು ಯಾರಿಗಾಗಿ ಕಿರುಚಲಿ, ನೀವೇ ಹೇಳಿ.

ಮೊನ್ನೆ ಸಂಜೆ ಹಿತ್ತಿಲಲ್ಲಿ ಒಣಗಿದ ಜೆರ್ಸಿ ತೆಗೆಯುತ್ತಿದ್ದೆ. ಅಡುಗೆಮನೆಯ ಕಿಟಕಿಯಿಂದ ಚೈತ್ರಾಳ ದನಿ ಬಂತು: "ದೊಡ್ಡಮ್ಮ, ನಿಜ ಹೇಳು. ಅವತ್ತು ಏನಾಯ್ತು? ಟೀಮಲ್ಲಿ ಎಲ್ಲರೂ ಕೇಳ್ತಾರೆ." ನನ್ನನ್ನು ಕೇಳಲಿಲ್ಲ ನೋಡಿ. ಮೈಯೆಲ್ಲ ಉರಿದುಹೋಯಿತು. ಕದ್ದು ಕೇಳುವುದು ತಪ್ಪು ಅನ್ನುವವರು ಇಂಥ ಕಿಟಕಿಯ ಕೆಳಗೆ ಒಮ್ಮೆ ನಿಂತು ನೋಡಲಿ. ನಾನು ಗೋಡೆಗೆ ಅಂಟಿಕೊಂಡೆ.

ಪದ್ಮಕ್ಕ ದನಿ ತಗ್ಗಿಸಿದಳು. "ನಿಮ್ಮಮ್ಮಂಗೆ ಹೇಳ್ಬುಟ್ಟೀಯ, ಜ್ವಾಕೆ. ನಾನೆಲ್ಲಿ ನೋಡ್ದೆ ಮಗ? ನಾನು ಮೇಜಿನ ಕೆಳ್ಗಿದ್ದೆ. ಯಾವ್ಳೋ ಒಬ್ಳು ಹುಡ್ಗಿ ಓಡಕ್ಕೋಗಿ ಬಿದ್ಬುಟ್ಲು. ಸೀಗಡ್ಡಿಯಂಗೆ ಸಣ್ಕಿದ್ಲು ಪಾಪ. ವೇಲು ಅವ್ಳಿಗೆ ಹೊದಿಸ್ಬುಟ್ಟು ಹಿಡ್ಕಂಡೆ. ಅಮ್ಮಾ ಅಮ್ಮಾ ಅಂತ ನನ್ ಸೊಂಟಾನೇ ಬಿಡ್ಲಿಲ್ಲ. ಹುಳ ನನ್ ಕಿವೀಗೆ ಕಚ್ತು. ಕೀವಾಗಿ ಹಾಲೆ ಇಂಗೆ ಸೊಟ್ಟ ಆಗೋಯ್ತು ನೋಡು."

"ಮತ್ತೆ ನಿಂತು ನೋಡ್ದೆ ಅಂತೀಯಲ್ಲ ಯಾವಾಗ್ಲೂ?"

"ಏನ್ ಮಾಡ್ಲಿ? ನಿಮ್ಮಮ್ಮ ಬಂದ್ ವಾರಕ್ಕೇ ಕಣ್ಣಾರೆ ನೋಡಿವ್ನಿ ಅಂದ್ಲು. ಅವ್ಳು ಗಟ್ಟಿಗಿತ್ತಿ ಕಣೇ, ಅಷ್ಟು ಹುಳದ ಮಧ್ಯೆ ನಿಂತು ನೋಡ್ದೋಳು. ನಂಗೆ ಹೊಟ್ಟೆ ಉರ್ದೋಯ್ತು. ಅವ್ಳ ಮುಂದೆ ಮೇಜಿನ ಕೆಳ್ಗಿದ್ದೆ ಅನ್ನಕ್ಕಾಯ್ತದಾ?"

ಒಣಗಿದೆಯೆಂದು ತೆಗೆದ ಜೆರ್ಸಿಯನ್ನು ಮತ್ತೆ ತಂತಿಗೇ ಹಾಕಿದೆ. ಒಂದೇ ಒಲೆಯ ಮುಂದೆ, ಭುಜಕ್ಕೆ ಭುಜ ತಾಗಿಸಿ, ಇಷ್ಟು ವರ್ಷ ಮುದ್ದೆ ತಿರುವಿದ್ದೇವೆ. ಇಬ್ಬರೂ ಸುಳ್ಳು ಹೇಳಿದ್ದಕ್ಕೆ ಒಬ್ಬರಿಗೊಬ್ಬರು ಸಿಕ್ಕಿರಲಿಲ್ಲ. ಆ ಸೊಟ್ಟ ಓಲೆಯನ್ನು ನೋಡಿ ನಾನು ತಣ್ಣಗಾಗುತ್ತಿದ್ದೆನಲ್ಲ, ನನ್ನ ಬಾಯಿಗೆ ಮಣ್ಣು ಹಾಕ. ಸುಮ್ಮನಿದ್ದುಬಿಡಬಹುದಿತ್ತು. ಮಗಳ ಕಣ್ಣಲ್ಲಿ ಹುಳದ ನಡುವೆ ನಿಂತ ಗಟ್ಟಿಗಿತ್ತಿಯಾಗಿಯೇ ಇರಬಹುದಿತ್ತು. ಅಷ್ಟೊಂದು ಮೆಚ್ಚುಗೆ ಚೈತ್ರಾಳಿಂದ ನನಗೆ ಇನ್ನೆಲ್ಲಿ ಸಿಗಬೇಕು? ಆದರೂ ಕಾಲು ಒಳಕ್ಕೆ ಹೋಯಿತು.

"ಅಕ್ಕ," ಎಂದೆ, "ವೇಲಿನ ತುದೀಲಿ ಕಡ್ಲೆಕಾಯಿ ಕಟ್ಟಿದ್ದೆ ಅಲ್ವಾ?"

ಪದ್ಮಕ್ಕ ನನ್ನನ್ನು ನೋಡಿದಳು. ಕೈ ತಾನಾಗಿ ಎಡಗಿವಿಗೆ ಹೋಯಿತು. ಈಗ ತಬ್ಬಿಕೊಳ್ಳುತ್ತಾಳೆ, ನಾನೂ ಅತ್ತುಬಿಡುತ್ತೇನೆ ಎಂದು ಸೆರಗು ಸರಿಮಾಡಿಕೊಂಡೆ.

"ಅಂಗಾದ್ರೆ," ಎಂದಳು, "ನೀನೂ ನೋಡಿಲ್ಲ ಅನ್ನು!"

ಆಮೇಲೆ ನಗು. ನಗುತ್ತ ನಗುತ್ತ ಅವಳ ಕಣ್ಣಲ್ಲಿ ನೀರು ಬಂತು, ನನಗೆ ಅದಕ್ಕಿಂತ ಮೊದಲೇ ಬಂದಿತ್ತು. ಚೈತ್ರಾ ಇಬ್ಬರನ್ನೂ ಮಿಕಮಿಕ ನೋಡಿ, "ಮತ್ತೆ ಇಷ್ಟು ವರ್ಷ ನೀವಿಬ್ರೂ ಯಾವ ಮ್ಯಾಚಿಗೆ ಜಗಳ ಆಡಿದ್ರಿ?" ಎಂದಳು. ಒಳಗಿನಿಂದ ಅತ್ತೆ, "ಏನ್ರೇ ಅದು, ಹಾಲು ಉಕ್ತಾ ಅದೆ" ಎಂದು ಕೂಗಿದರು. ನಿಜವಾಗಿಯೂ ಉಕ್ಕಿತ್ತು.

ಹೊಟ್ಟೆಕಿಚ್ಚು ಆರಿತಾ ಎಂದು ಕೇಳುತ್ತೀರಿ. ಎಲ್ಲಿ ಆರುತ್ತದೆ! ನನ್ನ ಮಗಳು ಈಗ ಈ ಕಥೆಯನ್ನು ಇಡೀ ಟೀಮಿಗೆ ಹೇಳಿದ್ದಾಳೆ. ಅದರಲ್ಲಿ ದೊಡ್ಡಮ್ಮ ಹುಳಕ್ಕೆ ಮೈಯೊಡ್ಡಿದ ವೀರವನಿತೆ, ನಾನು ಅಮ್ಮಾ ಅಮ್ಮಾ ಎಂದು ಅತ್ತ ಸೀಗಡ್ಡಿ. ದೀಪದ ಮುಂದೆ ನನ್ನವಳಾಗಿದ್ದ ಹುಡುಗಿಯನ್ನೂ ಪದ್ಮಕ್ಕ ತನ್ನವಳನ್ನಾಗಿ ಮಾಡಿಕೊಂಡಳು. ನೆನ್ನೆ ದೀಪ ಹಚ್ಚುವಾಗ ಆ ಹುಡುಗಿಯ ಸರದಿ ಬಂದಾಗ, ಮನೆಯವರ ಸಾಲಿನಲ್ಲಿ ಆಗಲೇ ಅವಳ ಹೆಸರು ಹೇಳಿಯಾಗಿತ್ತಲ್ಲ ಎಂದು ಒಂದು ಗಳಿಗೆ ಕೈ ನಿಂತುಬಿಟ್ಟಿತು. ಮತ್ತೊಂದು ಸಲ ಹೇಳಿದೆ.

ಇವತ್ತು ಜೆರ್ಸಿ ಮಡಿಸುತ್ತಿದ್ದೇನೆ. ಎಷ್ಟು ಸೋಪು ಹಾಕಿದರೂ ಸ್ಪ್ರೇಯ ಘಾಟು ಪೂರ್ತಿ ಹೋಗಿಲ್ಲ. ಪದ್ಮಕ್ಕ ಎದುರಿಗೆ ಕೂತು ಕಡಲೆಕಾಯಿ ಹುರಿಯುತ್ತಿದ್ದಾಳೆ, ಭಾನುವಾರಕ್ಕೆ. ನಾನು ತಲೆ ಎತ್ತದೆ ಕೇಳಿದೆ:

"ನಾನಂತೂ ಹೊಸೂರಿನೋರ ಕಡೇನೇ ಕೂತ್ಕೊಳ್ಳಾದು. ನೀನೆಲ್ಲಿ ಕೂತ್ಕೋತೀಯಕ್ಕ?"

"ನಿನ್ ಪಕ್ದಲ್ಲೇ."

"ನಿಮ್ ಟೀಮ್ನೋರು ಸುಮ್ನಿರ್ತಾರಾ?"

ಪದ್ಮಕ್ಕ ಬಾಣಲೆಯನ್ನು ಒಮ್ಮೆ ಕುಲುಕಿದಳು. "ಹುಳ ಎದ್ರೆ ಏನ್ ಮಾಡೀಯ ನೀನು?" ಎಂದಳು. "ನಂಗೆ ಇನ್ನೊಂದು ಕಿವಿ ಐತಲ್ಲ."