ಕ್ಯೂ ಕೋಲಿನ ಸರಿಯಾದ ಉದ್ದ

ಬರಿಗಾಲಲ್ಲಿ ನೆಟ್ಟಗೆ ನಿಂತರೆ ನನ್ನ ಎತ್ತರ ಐವತ್ತೆಂಟು ಇಂಚು. ಮದುವೆಯ ಮಾತುಕತೆಯಲ್ಲಿ ನಮ್ಮವ್ವ ಇದನ್ನು ‘ಐದಡಿಗೆ ಒಂಚೂರು ಕಮ್ಮಿ’ ಎಂದು ಹೇಳಿ ಸುಧಾರಿಸಿದ್ದರು. ಬಿಲಿಯರ್ಡ್ಸ್ ಮೇಜಿನ ಮೇಲೆ ಚೆಂಡು ಹೊಡೆಯುವ ಕ್ಯೂ ಕೋಲಿಗೂ ಸಾಮಾನ್ಯವಾಗಿ ಇರುವ ಉದ್ದ ಅಷ್ಟೇ ಎಂದು ತಿಳಿದ ದಿನ ನನಗಾದ ಸಂತೋಷವನ್ನು ನಿಮ್ಮಲ್ಲಿ ಮುಚ್ಚಿಡುವುದೇಕೆ? ಹುಟ್ಟಿದಂದಿನಿಂದ ಕುಳ್ಳಿ ಎನಿಸಿಕೊಂಡವಳು ಒಂದು ಕೋಲಿನ ಲೆಕ್ಕದಲ್ಲಾದರೂ ಸ್ಟ್ಯಾಂಡರ್ಡ್ ಆದೆನಲ್ಲ ಎಂದು ಹಿಗ್ಗಿದೆ. ಆದರೆ ಆ ಕೋಲನ್ನು ಹಿಡಿದು ಮೇಜಿಗೆ ಬಾಗಿದಾಗ, ಅಷ್ಟುದ್ದದ ವಸ್ತುವನ್ನು ಅಷ್ಟೇ ಉದ್ದದ ಹೆಂಗಸು ಆಳುವುದು ಎಷ್ಟು ಕಷ್ಟವೆಂದು ಗೊತ್ತಾಯಿತು.

ಆಗ ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಪಾಲಿಬೆಟ್ಟದ ಹತ್ತಿರದ ಒಂದು ಎಸ್ಟೇಟಿನಲ್ಲಿ ನನ್ನ ಗಂಡ ಬೆಳ್ಯಪ್ಪ ಮ್ಯಾನೇಜರಾಗಿದ್ದರು. ಬಿಳಿಯ ದೊರೆ ತೋಟವನ್ನು ಮೈಸೂರಿನ ಒಬ್ಬ ವ್ಯಾಪಾರಿಗೆ ಮಾರಿ ಊರಿಗೆ ಹೋಗಿದ್ದ. ಹೊಸ ಯಜಮಾನರು ಮೈಸೂರಿನಲ್ಲೇ ಇರುತ್ತಿದ್ದುದರಿಂದ ಬಂಗಲೆ ನೋಡಿಕೊಳ್ಳುವ ನೆಪದಲ್ಲಿ ನಾವು ಅಲ್ಲಿ ವಾಸವಾಗಿದ್ದೆವು. ಹಜಾರದಲ್ಲಿ ದೊರೆಯ ಬಿಲಿಯರ್ಡ್ಸ್ ಮೇಜು, ಗೋಡೆಯ ಗೂಟದಲ್ಲಿ ಅವನ ಎರಡು ಕ್ಯೂ ಕೋಲು. ಒಂದು ಅಂಗಡಿಯ ಕೋಲು, ನಾನು ಹೇಳಿದ ಐವತ್ತೆಂಟು ಇಂಚಿನದು. ಇನ್ನೊಂದು ದೊರೆ ತನ್ನ ಉದ್ದನೆಯ ಕೈಗೆ ಹೊಂದುವಂತೆ ವಿಲಾಯತಿಯಲ್ಲಿ ಹೇಳಿ ಮಾಡಿಸಿದ್ದು. ಅದಕ್ಕಿಂತ ಮೂರು ಬೆರಳು ಉದ್ದ, ಬುಡದಲ್ಲಿ ದಂತದ ಬಿಲ್ಲೆ. ಯಜಮಾನರಿಗೆ ಅದರ ಮೇಲೆ ತುಂಬ ಅಭಿಮಾನ. ನೆಂಟರೆದುರು ‘ಹೇಳಿ ಮಾಡಿಸಿದ್ದು’ ಎಂದು ಎರಡೆರಡು ಸಲ ಹೇಳುತ್ತಿದ್ದರು.

ಮಳೆಗಾಲದಲ್ಲಿ ಜೊತೆಗಾರರಿಲ್ಲದೆ ಬೇಸತ್ತ ದೊರೆ ನಮ್ಮವರಿಗೆ ಆಟ ಕಲಿಸಿದ್ದ. ಆ ಆಟಕ್ಕೆ ಪೂಲ್ ಎಂದು ಹೆಸರು. ನಮಗೆಲ್ಲ ಪೂಲ್ ಎಂದರೆ ಬೆಳೆದ ಕಾಫಿಯನ್ನು ಸರ್ಕಾರದ ಕಾಫಿ ಮಂಡಳಿಗೆ ಒಪ್ಪಿಸಿ ಬರುವ ಪೂಲ್. ಸಂಜೆ ದೊರೆಯ ಬಂಗಲೆಗೆ ಹೊರಟ ಇವರು “ಪೂಲಿಗೆ ಹೋಗ್ತೆ” ಎಂದಾಗ ಮೊದಮೊದಲು ನಾನು ಕಾಫಿ ಲಾರಿಯನ್ನು ಹುಡುಕಿದ್ದುಂಟು.

ಒಂದು ಮಳೆಗಾಲದ ಆರಂಭದಲ್ಲಿ ಹುದಿಕೇರಿಗೆ ಹೋಗಿ ಬರುವಾಗ ತೋಟದ ಜೀಪು ತಿರುವಿನಲ್ಲಿ ಜಾರಿ ಮಗುಚಿತು. ಇವರ ಎಡಗಾಲು ಕೆಳಗೆ ಸಿಕ್ಕಿತು. ಮೈಸೂರಿನ ಆಸ್ಪತ್ರೆಯಲ್ಲಿ ಮೂಳೆ ಕೂಡಿಸಿದರು. ಕೂಡಿತು, ಆದರೆ ಇನ್ನೊಂದು ಕಾಲಿಗಿಂತ ಗಿಡ್ಡವಾಗಿ ಕೂಡಿತು. ನಡೆಯುವುದು ಅಭ್ಯಾಸವಾದರೆ ಏನೂ ತೊಂದರೆಯಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದರು. ತೋಟದ ಒಂದೊಂದು ಗಿಡವನ್ನೂ ಕಾಲಿನಿಂದಲೇ ಬಲ್ಲ ಮನುಷ್ಯ ಮನೆಗೆ ಬಂದವರೇ ಕಿಟಕಿಯ ಪಕ್ಕದ ಕುರ್ಚಿ ಹಿಡಿದು ಕೂತುಬಿಟ್ಟರು. ಲೈನುಮನೆಗಳಿಂದ ಕೆಲಸದವರು ನೋಡಲು ಬಂದರೆ ಮುಖ ತಿರುಗಿಸುತ್ತಿದ್ದರು. ಕುಂಟುವುದನ್ನು ಯಾರೂ ನೋಡಬಾರದು ಎಂಬ ಹಟ. ನನ್ನೊಡನೆಯೂ ಮಾತಿಲ್ಲ.

ಆ ಹೊತ್ತಿಗೆ ತೋಟದ ಲೆಕ್ಕ ಬರೆಯುವ ರೈಟರು ಒಂದು ಸುದ್ದಿ ತಂದರು. ಕಾಫಿ ಹಣ್ಣಿನ ಪಿಕಿಂಗ್ ಶುರುವಾದ ಮೇಲೆ ಯಜಮಾನರು ಬರುತ್ತಾರಂತೆ. “ನಡೆಯಲಾಗದ ಮ್ಯಾನೇಜರು ಯಾಕೆ ಅಂತ ಕೇಳ್ತಿದ್ರು ಅಮ್ಮ. ನಾನು ಹೇಳಿದೆ ಅಂತ ಬೇಡ,” ಎಂದರು. ನಾನು ಒಳಗೆ ಹೋಗಿ ಇವರಿಗೆ ಹೇಳಿದೆ. “ಬಿಟ್ಟು ಹೋಗುವ,” ಎಂದಷ್ಟೇ ಅಂದು ಕಿಟಕಿಯ ಕಡೆ ತಿರುಗಿದರು. ಬಿಟ್ಟು ಹೋಗುವ ಮಾತು ಅವರಿಗೆ ಅಷ್ಟು ಸುಲಭವಾಗಿ ಬಂದದ್ದೇ ನನಗೆ ಸಿಟ್ಟು ತರಿಸಿತು. ಇವರನ್ನು ಎಬ್ಬಿಸಿಯೇ ತೀರುವುದು ಎಂದು ಅವತ್ತೇ ತೀರ್ಮಾನಿಸಿದೆ. ಹೇಗೆ ಎಂಬುದು ಮಾತ್ರ ಹೊಳೆದಿರಲಿಲ್ಲ.

ಬೇಡಿದೆ, ಬೈದೆ, ಪುತ್ತರಿ ಹಬ್ಬಕ್ಕೆ ತೀರಿಸುವೆನೆಂದು ದೇವರಿಗೆ ಹರಕೆ ಹೊತ್ತೆ. ಕೊನೆಗೆ ಒಂದು ಮಧ್ಯಾಹ್ನ ಗೂಟದಿಂದ ಅಂಗಡಿಯ ಕೋಲನ್ನು ಇಳಿಸಿ, ಸೆರಗು ಸಿಕ್ಕಿಸಿ, ಇವರ ಕಣ್ಣೆದುರೇ ಚೆಂಡು ಹೊಡೆಯತೊಡಗಿದೆ. ಕೋಲಿನ ತುದಿ ಮೇಜಿನ ಹಸಿರು ಬಟ್ಟೆಯನ್ನು ಕೆರೆಯಿತು. ಬುಡ ಹಿಂದಿನ ಗೋಡೆಗೆ ಬಡಿದು ಗಾರೆ ಉದುರಿತು. ಚೆಂಡು ಮಾತ್ರ ಇದ್ದಲ್ಲೇ ಇತ್ತು.

“ಎಂತ ಮಾಡ್ದು ನೀ?” ಎಂದು ಕುರ್ಚಿಯಿಂದ ದನಿ ಬಂತು. ಎಷ್ಟೋ ದಿನದ ಮೇಲೆ ತಾವಾಗಿ ಆಡಿದ ಮಾತು.

“ಆಡ್ತೊಳೆ.”

“ಬಟ್ಟೆ ಹರಿದೀಯ. ಕೋಲುನ ಹಂಗೆ ಹಿಡಿಯುದಲ್ಲ.”

“ಮತ್ತೆ ಹೆಂಗೆ? ತೋರ್ಸಿ.”

ಅವರು ಏಳಲಿಲ್ಲ, ಆದರೆ ಕೂತಲ್ಲಿಂದಲೇ ಹೇಳಿಕೊಟ್ಟರು. ಮರುದಿನವೂ ಹೇಳಿಕೊಟ್ಟರು. ತೊಂದರೆ ಕೋಲಿನದೇ ಎಂದು ಇಬ್ಬರಿಗೂ ಅರ್ಥವಾಯಿತು. ಕಡಿಸೋಣವೆಂದರೆ ಅದು ಯಜಮಾನರ ಆಸ್ತಿ. “ನನ್ನ ಅಳತೆಗೆ ನಾನೇ ಒಂದು ಮಾಡಿಸ್ತೆ,” ಎಂದೆ. ಕಾಲು ಮುರಿದ ಮೇಲೆ ಇವರು ಮೊದಲ ಸಲ ನಕ್ಕರು. “ಕ್ಯೂಗೆ ಒಂದು ಸ್ಟ್ಯಾಂಡರ್ಡ್ ಉಟ್ಟು, ಎಲ್ಲರಿಗೂ ಅದೇ ಅಳತೆ,” ಎಂದರು.

ಸ್ಟ್ಯಾಂಡರ್ಡ್ ಎಂಬ ಮಾತಿನ ಬಗ್ಗೆ ನಾನು ಆಮೇಲೆ ತುಂಬ ಯೋಚಿಸಿದ್ದೇನೆ. ಅದೇ ಕಾಲದಲ್ಲಿ ಅಂಗಡಿಗಳಿಗೆ ಮೀಟರು, ಕಿಲೋ ಬರುತ್ತಿದ್ದವು. ಗಜಕ್ಕೆ ಒಗ್ಗಿದ ನಾವು ರವಿಕೆ ಬಟ್ಟೆ ಕೊಳ್ಳುವಾಗ ತಬ್ಬಿಬ್ಬಾಗುತ್ತಿದ್ದೆವು. ಅದಕ್ಕೂ ಹಿಂದೆ ಮೊಳವಿತ್ತು. ಮೊಳಕ್ಕೆ ಸರ್ಕಾರದ ಮುದ್ರೆಯಿಲ್ಲ, ಅಳೆಯುವವರ ಕೈಯೇ ಅಳತೆ. ಹೂ ಕೊಳ್ಳುವಾಗ ಉದ್ದ ಕೈಯ ಹೂವಾಡಗಿತ್ತಿಯನ್ನು ಹುಡುಕುವ ಜಾಣತನವನ್ನು ನಮ್ಮವ್ವ ನನಗೆ ಕಲಿಸಿದ್ದರು. ಆದರೆ ಹಿರಿಯರ ಇನ್ನೊಂದು ಮಾತೂ ಇದೆ: ಯಾರೇ ಆಗಲಿ, ತನ್ನ ಕೈಯಲ್ಲಿ ಅಳೆದರೆ ಮೂರೂವರೆ ಮೊಳ ಎತ್ತರ. ದೊರೆಯೂ ಅಷ್ಟೇ, ನಾನೂ ಅಷ್ಟೇ. ಈ ಲೆಕ್ಕ ಮಾಡಿದವರು ಯಾರೋ ಕುಳ್ಳರೇ ಇರಬೇಕು.

ಬಡಗಿ ಕಣ್ಣನ್ ಆಶಾರಿಯನ್ನು ಕರೆಸಿದೆ. “ಎಷ್ಟು ಉದ್ದ ಬೇಕಮ್ಮ?” ಎಂದ. ಅಂಗಡಿಯ ಕೋಲನ್ನು ಮುಂದಿಟ್ಟು, ಇಂಥದ್ದೇ, ಆದರೆ ಕಂಕುಳವರೆಗೆ ಎಂದು ತೋರಿಸಿದೆ. “ಊರುಗೋಲಿಗೆ ಇಷ್ಟು ಸಣ್ಣ ತುದಿ ಸಾಕಾಗೂದಿಲ್ಲ,” ಎಂದು ಅನುಮಾನಪಟ್ಟ. ಇದು ಚೆಂಡಿಗೆ ಎಂದೆ. ಅವನು ಮಾಡಿದ ಮೊದಲ ಕೋಲು ಮಳೆಯ ತೇವಕ್ಕೆ ಬಿಲ್ಲಿನಂತೆ ಬಾಗಿತು. ಎರಡನೆಯದನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿದ ಬೀಟೆಯಲ್ಲಿ ಮಾಡಿಸಿದೆ. ಅದು ನೆಟ್ಟಗೆ ನಿಂತಿತು.

ನನ್ನ ಕೋಲು ಬಂದ ಮೇಲೆ ಚೆಂಡುಗಳು ಮೇಜಿನಂಚಿನ ಜೇಬುಗಳಿಗೆ ಬೀಳತೊಡಗಿದವು. ಒಂದು ದಿನ ಇವರು “ಬಲಕ್ಕೆ ತೆಳ್ಳಗೆ ಹೊಡಿ” ಎಂದರು; ನಾನು ಎಡಕ್ಕೆ ಹೊಡೆಯಲು ಸಜ್ಜಾದೆ. “ಬಲಕ್ಕೆ,” ಎಂದರು. ನಾನು ಕೇಳಿಸದವಳಂತೆ ಎಡಕ್ಕೇ ಗುರಿಯಿಟ್ಟೆ. ತಡೆಯಲಾರದೆ ಕುರ್ಚಿಯ ಕೈ ಹಿಡಿದು ಎದ್ದರು, ಗೋಡೆ ಹಿಡಿದು ಬಂದರು, ಮೇಜಿನ ಅಂಚು ಹಿಡಿದು ನಿಂತರು. ನಾನು ತಿರುಗಿ ನೋಡಲಿಲ್ಲ. ನೋಡಿದ್ದರೆ ಅತ್ತುಬಿಡುತ್ತಿದ್ದೆ, ಅವರು ವಾಪಸು ಹೋಗಿ ಕೂರುತ್ತಿದ್ದರು.

ಆಮೇಲೆ ದಿನವೂ ಅಂಚು ಹಿಡಿದು ಮೇಜಿನ ಸುತ್ತ ನಡೆಯುವುದೇ ಅವರ ಅಭ್ಯಾಸವಾಯಿತು. ಚೆಂಡು ಎಲ್ಲಿ ನಿಂತರೆ ಅಲ್ಲಿಗೆ ಹೋಗಲೇಬೇಕಲ್ಲ. ಆದರೆ ಅವರ ಪ್ರೀತಿಯ ದೊರೆಯ ಕೋಲು ಈಗ ಅವರಿಗೂ ಉದ್ದವಾಗಿತ್ತು. ಹಿಂದಕ್ಕೆ ಕಾಲು ಊರಿ ನಿಲ್ಲಲಾಗದೆ ಮೇಜಿಗೆ ಸೊಂಟ ಒರಗಿಸಿ ಆಡಬೇಕು. ಕೋಲಿನ ಬುಡ ಪಕ್ಕೆಗೆ ಸಿಕ್ಕಿಕೊಳ್ಳುತ್ತಿತ್ತು. ಅಂಗಡಿಯದೂ ಉದ್ದವೇ. ನನ್ನದೋ ಅವರ ಕೈಯಲ್ಲಿ ಹಲ್ಲುಕಡ್ಡಿ. ಒಂದು ಬೆಳಿಗ್ಗೆ ಆಶಾರಿಯನ್ನು ಕರೆಸಿ ದೊರೆಯ ಕೋಲನ್ನು ಅವನ ಮುಂದಿಟ್ಟರು.

ನಾನು ಅಡ್ಡ ನಿಂತೆ. “ಅಂಗಡಿಯದ್ನ ಕಡಿಸಿ. ಇದ್ ಯಜಮಾನ್ರು ಜೀವದಂತೆ ನೋಡ್ವ ಕೋಲು. ಕೆಲಸ ಹೋದೀತ್.”

“ನನ್ನ ಕೈಗೆ ಕೂತದ್ ಇದೇ ಕೋಲು,” ಎಂದರು. “ಕುರ್ಚಿಲಿ ಕೂತ್ರೂ ಕೆಲಸ ಹೋದೀತ್. ಯಜಮಾನ್ರಿಗೆ ಉತ್ತರ ನಾ ಹೇಳ್ತೆ.” ಆಶಾರಿ ಕೋಲನ್ನು ಮುಟ್ಟದೆ ನನ್ನ ಮುಖ ನೋಡುವುದನ್ನು ಕಂಡು ಗರಗಸವನ್ನು ತಾವೇ ತೆಗೆದುಕೊಂಡರು. ದಂತದ ಬಿಲ್ಲೆಯನ್ನು ಬಿಡಿಸಿ, ಬುಡವನ್ನು ಕೊಯ್ದು, ಬಿಲ್ಲೆಯನ್ನು ಮತ್ತೆ ಕೂರಿಸಿದರು. ಮೇಜಿನಿಂದ ಜಗಲಿಗೆ, ಜಗಲಿಯಿಂದ ಕಾಫಿ ಒಣಗಿಸುವ ಕಣಕ್ಕೆ, ಅಲ್ಲಿಂದ ತೋಟಕ್ಕೆ ಹೋಗಲು ಆಮೇಲೆ ಅವರಿಗೆ ಯಾರ ಬಲವಂತವೂ ಬೇಕಾಗಲಿಲ್ಲ. ಕುಂಟುತ್ತಲೇ ಹೋದರು. ಲೈನಿನವರು ನೋಡಿದರು, ನಮಸ್ಕಾರ ಹೇಳಿದರು, ಹಣ್ಣು ಕೊಯ್ಯಲು ಹೋದರು. ಅಷ್ಟೇ ನಡೆದದ್ದು.

ಯಜಮಾನರು ಬಂದ ದಿನ ಇವರು ಅವರನ್ನು ಬೆಟ್ಟದ ಮೇಲಿನ ತೋಟಕ್ಕೆ ಹತ್ತಿಸಿದರು. ನಡುದಾರಿಯಲ್ಲಿ ಕೂರಲು ಕಲ್ಲು ಹುಡುಕಿದ್ದು ಯಜಮಾನರಂತೆ. ಮ್ಯಾನೇಜರ ಕಾಲಿನ ವಿಷಯ ಅಲ್ಲಿಗೇ ಮುಗಿಯಿತು. ಆದರೆ ಸಂಜೆ ಹಜಾರದಲ್ಲಿ ಕೋಲು ಕೈಗೆತ್ತಿಕೊಂಡವರ ಮುಖ ಕಪ್ಪಿಟ್ಟಿತು.

“ಇದೇನ್ರೀ, ಮೋಟಾಗಿದೆ? ಹೇಳಿ ಮಾಡಿಸಿದ್ದಲ್ವೇನ್ರೀ ಇದು?”

“ಕೊಯ್ದದ್ದು ನಾನೇ,” ಎಂದರು ಇವರು. “ಮೊದಲು ದೊರೆಗೆ ಹೇಳಿ ಮಾಡಿಸಿದ್ದು. ಈಗ ನನಗೆ. ಅದು ಆಗದಿದ್ರೆ ನಾನು ಇವತ್ತು ನಿಮ್ಮ ಜೊತೆ ಬೆಟ್ಟ ಹತ್ತುತ್ತಿರಲಿಲ್ಲ. ತಪ್ಪು ಅಂತ ಕಂಡ್ರೆ ಹೇಳಿ, ನಾಳೆ ಹೋಗ್ತೇನೆ.”

ಯಜಮಾನರು ಕೋಲನ್ನು ತಿರುಗಿಸಿ ತಿರುಗಿಸಿ ನೋಡಿದರು. ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಗೋಡೆಯಲ್ಲಿ ನನ್ನ ಕೋಲು ಅವರ ಕಣ್ಣಿಗೆ ಬಿತ್ತು. “ಇದು ಯಾರದು?” ನನ್ನದು ಎಂದೆ. “ನೀವು ಆಡ್ತೀರಾ?” ಎಂದು ನಂಬದವರಂತೆ ಕೇಳಿ, ಕೋಟು ಬಿಚ್ಚಿ ಕುರ್ಚಿಗೆ ಹಾಕಿದರು.

ಯಜಮಾನರ ಮತ್ತು ನನ್ನ ಆಟ ಕೊನೆಯ ಚೆಂಡಿನವರೆಗೂ ಸಮನಾಗಿ ಹೋಯಿತು. ಆ ಕೊನೆಯ ಚೆಂಡು ಮೂಲೆಯ ಜೇಬಿನ ಬಾಯಲ್ಲೇ ನಿಂತಿತ್ತು, ಹೊಡೆಯುವ ಸರದಿ ನನ್ನದು. ಅದು ಜೇಬನ್ನು ಸವರಿಕೊಂಡು ಆಚೆ ಹೋಯಿತು. ಯಜಮಾನರು ಗೆದ್ದರು, ಮನಸಾರೆ ನಕ್ಕರು, ಊಟಕ್ಕೆ ಎರಡನೆಯ ಸಲ ಪಂದಿಕರಿ ಹಾಕಿಸಿಕೊಂಡರು, ಕೋಲಿನ ಮಾತನ್ನು ಮತ್ತೆ ಎತ್ತಲಿಲ್ಲ. ನಾವು ಅದೇ ತೋಟದಲ್ಲಿ ಇವರು ರಿಟೈರ್ ಆಗುವವರೆಗೂ ಇದ್ದೆವು.

ಅಷ್ಟು ಸುಲಭದ ಚೆಂಡನ್ನು ಹೇಗೆ ತಪ್ಪಿಸಿದೆ ಎಂದು ಇವರು ಈಗಲೂ ಕೇಳುತ್ತಾರೆ. ಕಲಿಸಿದವರು ಸರಿಯಿರಲಿಲ್ಲ ಎನ್ನುತ್ತೇನೆ.