ಪ್ರಭಾವತಿ ಬೇಯಿಸಿದ ಬಾರ್ಲಿ

ಕಾರು ಕಂಪನಿಗಳೆಲ್ಲ ಮಕಾಡೆ ಮಲಗಿದ ವರ್ಷ ಅದು, ಎರಡು ಸಾವಿರದ ಒಂಬತ್ತು. ವಾರೆನ್ ಊರಿನ ಕಾರು ಕಂಪನಿಯಲ್ಲಿದ್ದ ಕೆಲಸ ಹೋದದ್ದೇ ಹೋದದ್ದು, ಕ್ಯಾಂಟನ್‌ನ ವೆಂಕಟರಾಮು ನಾಲ್ಕು ಜನರಿಗೆ ಮುಖ ತೋರಿಸುವುದನ್ನೇ ಬಿಟ್ಟ. ಇಂಡಿಯನ್ ಸ್ಟೋರಿಗೂ ಹೆಂಡತಿ ಪ್ರಭಾವತಿಯೇ ಡ್ರೈವ್ ಮಾಡಬೇಕು. ಪಕ್ಕದ ಮನೆ ಶಿವಬಸಪ್ಪನ ಜೊತೆಗೂ ಮಾತು ಬೇಲಿಯಿಂದೀಚೆಗೇ. ಗಂಡನನ್ನು ಹೇಗಾದರೂ ಹೊಸಿಲು ದಾಟಿಸಬೇಕು ಅನ್ನೋದೊಂದೇ ಪ್ರಭಾವತಿಯ ಚಿಂತೆ.

ಹೊತ್ತು ಹೋಗದೆ ಅವನಿಗೆ ಬಿಯರ್ ಮಾಡುವ ಹುಚ್ಚು ಹತ್ತಿತು. ಶಿವಬಸಪ್ಪನೂ ಮಾಡುತ್ತಿದ್ದ, ಆದರೆ ಅವನದು ಡಬ್ಬಿ ದಾರಿ. ಬಾರ್ಲಿಯ ಸಿಹಿ ಇಳಿಸಿ, ಜೇನಿನ ಹಾಗೆ ಗಟ್ಟಿ ಮಾಡಿದ ಪಾಕ ಅಂಗಡಿಯಲ್ಲೇ ಡಬ್ಬಿಯಲ್ಲಿ ಸಿಗುತ್ತದೆ. ನೀರಿಗೆ ಸುರಿದು, ಹಾಪ್ಸ್ ಅನ್ನೋ ಕಹಿ ಹೂವು ಹಾಕಿ ಕುದಿಸಿ, ಆರಿದ ಮೇಲೆ ಈಸ್ಟ್ ಹಾಕಿದರೆ ಮುಗಿಯಿತು.

"ಕಾಳಿಂದ ಮಾಡ್ತೀನಂತ ಇಡೀ ದಿನ ಯಾಕ ಒದ್ದಾಡ್ತೀರಿ ಸರ? ಡಬ್ಬಿ ಒಡದ್ರ ಆತು!" ಅಂತ ಬೇಲಿಯಾಚೆಯಿಂದ ಶಿವಬಸಪ್ಪ.

"ಪ್ಯಾಕೆಟ್ ಸಾರಿನಪುಡಿ ತಿನ್ನೋರಿಗೆ ಹುರಿದು ಕುಟ್ಟಿದ ಪುಡಿ ರುಚಿ ಏನ್ರೀ ಗೊತ್ತು?" ಅಂತ ಇವನು.

ಶನಿವಾರ ಬೆಳಿಗ್ಗೆ ವೆಂಕಟರಾಮು, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ನುಚ್ಚನ್ನು ದೊಡ್ಡ ಪಾತ್ರೆಯ ಬಿಸಿನೀರಿಗೆ ಸುರಿದು, ಮುಚ್ಚಳ ಹಾಕಿದ. ಅಷ್ಟರಲ್ಲಿ ಫೋನು ಬಂತು, ಮಾತಾಡುತ್ತಾ ಮಹಡಿಗೆ ಹೋದ. ಪ್ರಭಾವತಿ ಮುಚ್ಚಳ ತೆಗೆದು ನೋಡಿದಳು. ಕಾಳು ಬೆಂದಿಲ್ಲ, ಕೆಳಗೆ ಉರಿಯೂ ಇಲ್ಲ. ಅಯ್ಯೋ, ಸ್ಟೋವ್ ಹಚ್ಚೋದನ್ನೇ ಮರೆತಿದಾರೆ! ಪೂರಾ ಉರಿ ಮಾಡಿ, ತಳ ಹಿಡಿಯದ ಹಾಗೆ ಕೈಯಾಡಿಸಿದಳು. ಬೇಳೆ ನೋಡುವ ಹಾಗೆ ಒಂದು ಕಾಳು ಹಿಸುಕಿಯೂ ನೋಡಿದಳು.

ಕೆಳಗಿಳಿದು ಬಂದವನು ಬೆಚ್ಚಿಬಿದ್ದ. "ಯಾರೇ ಹಚ್ಚಿದ್ದು ಇದನ್ನ?"

"ನಾನೇ ರೀ. ಎಷ್ಟು ಮೆತ್ತಗೆ ಬೆಂದಿದೆ ನೋಡಿ!"

"ಬೇಯಲೇಬಾರದಿತ್ತು ಕಣೇ! ನೂರ ಐವತ್ತೆರಡು ಡಿಗ್ರಿ ಫ್ಯಾರನ್‌ಹೀಟಲ್ಲಿ, ಕುದಿಯದ ಬಿಸಿಯಲ್ಲಿ, ಒಂದು ಗಂಟೆ ಸುಮ್ಮನೆ ನೆನೆದರೆ ಹಿಟ್ಟೆಲ್ಲ ಸಿಹಿಯಾಗುತ್ತೆ. ಕುದಿಸಿಬಿಟ್ಟರೆ ಆ ಕೆಲಸ ಅಲ್ಲಿಗೇ ನಿಂತುಹೋಯ್ತು."

ಚಮಚ ಎತ್ತಿದರೆ ಗೋಡೆಗೆ ಪೋಸ್ಟರ್ ಅಂಟಿಸೋ ಗೋಂದು. ಬೆಳಿಗ್ಗೆಯೇ ಬೆಚ್ಚನೆ ನೀರಿಗೆ ಹಾಕಿಟ್ಟ ಈಸ್ಟ್ ಬೇರೆ ಎದ್ದು ಕೂತಿದೆ, ಇವತ್ತೇ ಸಿಹಿ ಸಿಗದಿದ್ದರೆ ಅದೂ ಹಾಳು.

"ಶಿವಬಸಪ್ಪನವರ ಮನೇಲಿ ಡಬ್ಬಿ ಇರುತ್ತಲ್ಲ?" ಅಂದಳು ಪ್ರಭಾವತಿ.

"ಹೋಗಿ ಇಸ್ಕೊಂಡು ಬಾ."

ಹೊರಟವಳು ಬಾಗಿಲಲ್ಲೇ ನಿಂತಳು. "ಯಾವ ಡಬ್ಬಿ ಅಂತ ನನಗೇನು ಗೊತ್ತು? ನೀವೇ ಹೋಗಿ."

ಅವನು ಕಸಿವಿಸಿಪಟ್ಟ. ಪಾತ್ರೆ ನೋಡಿದ, ಈಸ್ಟ್ ನೋಡಿದ. ಕೊನೆಗೆ ಚಪ್ಪಲಿ ಮೆಟ್ಟಿ ಹೋಗೇಬಿಟ್ಟ.

ಎಷ್ಟು ಹೊತ್ತಾದರೂ ಬರಲಿಲ್ಲ. ಪಕ್ಕದ ಗರಾಜಿನಲ್ಲಿ ಒಂದೇ ಸಮ ನಗು. ಪ್ರಭಾವತಿ ಹೋಗಿ ನೋಡಿದರೆ ಗಂಡ ಅಲ್ಲೇ ಪಾಕ ಕಲಕುತ್ತಿದ್ದಾನೆ.

"ಬರ್ರೀ ಅಕ್ಕಾರ! ನಿಮ್ಮ ಗಂಜಿಗೆ ಮಜ್ಜಿಗಿ, ಉಪ್ಪು ಹಾಕಿದ್ರ ಊಟಾನ ಆತಲ್ಲ!" ಅಂದ ಶಿವಬಸಪ್ಪ. ಆಮೇಲೆ ಪಾತ್ರೆ ಕಡೆ ಬಾಗಿ, "ಸರ, ಕೆಲಸದ್ದು ಏನಾರ ಆತೇನು?" ಅಂತ ಕೇಳಿಯೇಬಿಟ್ಟ.

ಪ್ರಭಾವತಿ ಗಂಡನ ಮುಖ ನೋಡಿದಳು.

"ಇನ್ನೂ ಇಲ್ಲ ಕಣ್ರೀ," ಅಂದ ವೆಂಕಟರಾಮು, ತಲೆ ಕೂಡ ಎತ್ತದೆ. "ಮುಂದಿನ ಶನಿವಾರ ಇಲ್ಲೇ, ಕಾಳಿಂದಲೇ ಮಾಡೋಣ. ಈಗ ಆ ಹಾಪ್ಸ್ ಕೊಡಿ, ಉಕ್ತಾ ಇದೆ."