ಹಿಂದಿನ ಸೀಟಿನಲ್ಲಿ ಭಾಗಾಬಾಯಿ

ಅಕ್ಕಲಕೋಟದ ಭಗವಂತ ಇಪ್ಪತ್ತಾರು ವರ್ಷ ಬಾಡಿಗೆ ಕಾರು ಓಡಿಸಿದವನು. ಸೊಲ್ಲಾಪುರದ ಎಷ್ಟೋ ಹೊಸ ಜೋಡಿಗಳನ್ನು ಕೊಂಕಣದ ಕಡಲಿಗೆ ಕರೆದೊಯ್ದಿದ್ದ. ಎಲ್ಲಿ ನಿಂತರೆ ಫೋಟೋ ಚೆನ್ನಾಗಿ ಬರುತ್ತದೆಂದು ಹೇಳುತ್ತಿದ್ದ. ತಾನು ಮಾತ್ರ ಕಾರು ಬಿಟ್ಟು ಹೋದವನಲ್ಲ.

ಈ ದೀಪಾವಳಿ ಮುಗಿದ ಮೇಲೆ, ಸಮುದ್ರವನ್ನೇ ಕಾಣದ ಹೆಂಡತಿ ಭಾಗಾಬಾಯಿಯನ್ನು ಹೊರಡಿಸಿದ. ಅವನ ಕೈ ತಾನಾಗಿಯೇ ಹಿಂದಿನ ಬಾಗಿಲು ತೆರೆಯಿತು. ಅವಳು ಹಿಂದೆಯೇ ಕೂತಳು.

ಘಟ್ಟದ ಕಾಡಿನಲ್ಲಿ ಕಾರು ನಿಲ್ಲಿಸಿ, "ಹದಿನೈದು ಮಿನಿಟ್‌ನ್ಯಾಗ ನೋಡಿ ಬಾ," ಎಂದು ಗಾಜು ಒರೆಸತೊಡಗಿದ. ಕಡಲಂಚಿನ ಕಡಿದಾದ ಬಂಡೆ ಬಂದಾಗ ಅವಳು ಅವನ ತೋಳು ಹಿಡಿದಳು.

"ನೀವೂ ಬರ್ರಿ."

"ಗಾಡಿ ಬಿಟ್ಟು ಹ್ಯಾಂಗ ಬರ್ಲಿ?" ಎಂದವನೇ ಸೀಟು ಹಿಂದಕ್ಕೆ ಬಾಗಿಸಿ ಮುಖದ ಮೇಲೆ ಟವೆಲ್ ಎಳೆದುಕೊಂಡ.

ಮೂರು ದಿನವೂ ಹೀಗೇ. ಮನುಷ್ಯ ಕೆಟ್ಟವನೇನಲ್ಲ, ಅದೇ ದೊಡ್ಡ ತಾಪತ್ರಯ. ಜಗಳವಾಡಲಿಕ್ಕೂ ಏನೂ ಸಿಗುವುದಿಲ್ಲ.

ಊರಿಗೆ ಮರಳಿದಾಗ ಪಕ್ಕದ ಮನೆಯ ಸೀತಾಬಾಯಿ ಕೇಳಿದಳು: "ಇಬ್ಬರೂ ಸಮುದ್ರ ನೋಡಿ ಬಂದ್ರೇನ?"

"ಇಬ್ಬರೆಲ್ಲಿ? ನಾ ಒಬ್ಬಾಕಿನ ಹೋಗಿದ್ದೆ," ಎಂದಳು ಭಾಗಾಬಾಯಿ.

ಭಗವಂತನಿಗೆ ಕೇಳಿಸಿತು. ಕಾರಿನ ಗಿರಾಕಿಗಳ ಸಾಮಾನು ಇಡುವ ಹಾಗೆ ಅವಳ ಬ್ಯಾಗನ್ನು ಹೊಸ್ತಿಲ ಹೊರಗೇ ಇಟ್ಟು, ಕಾರು ತೊಳೆಯಲು ಹೋದ.